ಮಾತಾಡದ ಗುಂಡಿಗಳು

ತರೀಕೆರೆಯ ಕಂಪ್ಯೂಟರ್ ತರಗತಿಯೊಂದಕ್ಕೆ ನಾನು ಆನ್‌ಲೈನ್ ಅಭಿಪ್ರಾಯದ ಫಾರಂ ಮಾಡಿಕೊಟ್ಟಿದ್ದೆ. ಮೊದಲು ತುಂಬಲು ಕೂತವರು ಲಿಂಗದಹಳ್ಳಿಯ ಸುಜಾತ. ಅವರಿಗೆ ಕಣ್ಣು ಕಾಣುವುದಿಲ್ಲ; ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಓದಿ ಹೇಳುತ್ತದೆ.

ಊರುಗಳ ಪಟ್ಟಿಗೆ ಬಂದಾಗ ಅದು 'ನಿಮ್ಮ ಊರು' ಎಂದು ಸರಿಯಾಗಿ ಹೇಳಿತು. ಮುಂದಿನ ಪ್ರಶ್ನೆಯ ಗುಂಡಿಗಳಿಗೆ ಬಂದಾಗ ಬರೀ 'ಬಟನ್, ಬಟನ್' ಎಂದಿತು.

"ಅಲ್ಲಿ ಮಾತಾಡ್ತು, ಇಲ್ಲಿ ಯಾಕೆ ಮುನಿಸ್ಕೊಂಡೈತೆ ಸಾರ್?" ಎಂದು ನನ್ನನ್ನು ಕೇಳಿದರು.

ಪಕ್ಕದಲ್ಲಿದ್ದ ತರಗತಿಯ ಮೇಷ್ಟ್ರು, "ಯಾವ್ದು ಒತ್ಬೇಕು ಹೇಳಮ್ಮ, ನಾನೇ ಒತ್ತಿಬಿಡ್ತೀನಿ" ಎಂದರು.

"ಬ್ಯಾಡಿ ಮೇಷ್ಟ್ರೇ, ನಾನೇ ತುಂಬ್ತೀನಿ."

ಕಂಪ್ಯೂಟರ್ ಓದಲೆಂದು ನಾನು ಕೊಟ್ಟಿದ್ದ ಹೆಸರುಗಳನ್ನು, ಫಾರಂ ಕಟ್ಟಲು ಬಳಸಿದ್ದ ಫ್ರೇಮ್‌ವರ್ಕ್ ಎಂಬ ಸಿದ್ಧ ಸಾಫ್ಟ್‌ವೇರ್ ಊರುಗಳ ಪಟ್ಟಿಗೆ ದಾಟಿಸಿ, ಗುಂಡಿಗಳಿಗೆ ದಾಟಿಸದೆ ಬಿಟ್ಟಿತ್ತು. ಎರಡಕ್ಕೂ ಒಂದೇ ನಿಯಮ ಇರಬೇಡವೇ ಎಂದು ಗೊಣಗುತ್ತ, ಅಲ್ಲೇ ಕೂತು ಪ್ರತಿ ಗುಂಡಿಗೂ ಹೆಸರು ಬರೆದೆ. ಸುಜಾತ ಕೇಳಿಸಿಕೊಂಡು ಒಂದನ್ನು ಒತ್ತಿದರು.

'ಮೇಷ್ಟ್ರ ಪಾಠ ಹೇಗಿತ್ತು? ಅರ್ಧಂಬರ್ಧ ಅರ್ಥವಾಯಿತು. ಆಯ್ಕೆಯಾಗಿದೆ' ಎಂದು ಕಂಪ್ಯೂಟರ್ ಇಡೀ ಕೋಣೆಗೆ ಕೇಳುವಂತೆ ಹೇಳಿತು.

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಸುಜಾತ ಮೆಲ್ಲಗೆ, "ಇಯರ್‌ಫೋನ್ ಇಲ್ವಾ ಸಾರ್?" ಎಂದರು.

ನಾನು ಮಾಡಿದ ರಿಪೇರಿಗಳಲ್ಲಿ ಅಷ್ಟು ಸ್ಪಷ್ಟವಾಗಿ ಕೆಲಸ ಮಾಡಿದ್ದು ಅದೊಂದೇ.