ಕಡುಬು ಒಯ್ದ ಇಲಿ, ಊಟ ಬಿಟ್ಟ ಆಯಿ

ನಾನು ಚಿಕ್ಕವನಿದ್ದಾಗ ನಮಗೆ ಸ್ವಂತ ಮನೆ ಇರಲಿಲ್ಲ. ಅಪ್ಪ ಕನ್ನಡ ಶಾಲೆಯ ಮಾಸ್ತರ. ಬದಲಿಯಾಗಿ ಹೋದ ಊರಲ್ಲೆಲ್ಲ ಬಾಡಿಗೆ ಮನೆಯೇ ಗತಿ. ಹುಕ್ಕೇರಿಗೆ ಬಂದಾಗ ಒಬ್ಬ ಜೈನ ಮುದುಕಿ ತಮ್ಮ ಮನೆಯ ಎರಡು ಖೋಲಿ ನಮಗೆ ಕೊಟ್ಟರು. ಓಣಿಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವರ ಅಡುಗೆಮನೆಗೂ ನಮ್ಮ ಖೋಲಿಗೂ ನಡುವೆ ಒಂದೇ ಗೋಡೆ. ಅದೂ ಎಂಥ ಗೋಡೆ ಅಂತೀರಿ! ಹಂಚಿನ ತನಕ ಮುಟ್ಟದೆ ಆಳೆತ್ತರಕ್ಕೇ ನಿಂತುಬಿಟ್ಟಿತ್ತು. ನಮ್ಮ ಒಗ್ಗರಣೆಯ ಘಾಟಿಗೆ ಅವರು ಸೀನುತ್ತಿದ್ದರು. ಅವರು ಕೆಮ್ಮಿದರೆ ಅವ್ವ ಈ ಕಡೆಯಿಂದಲೇ, "ಜೀರಿಗಿ ಕಷಾಯ ಕುಡೀರಿ ಆಯಿ," ಎಂದು ಕೂಗುತ್ತಿದ್ದಳು.

ಗಣಪತಿ ಹಬ್ಬ ಬಂತು. ನಮ್ಮ ಮನೆಯಲ್ಲಿ ಗಣಪತಿ ಐದು ದಿನ ಕೂಡುತ್ತಿದ್ದ. ಅದೇ ದಿನಗಳಲ್ಲಿ ಆಯಿಯ ದಶಲಕ್ಷಣ ವ್ರತ. ಹತ್ತು ದಿನವೂ ಮಧ್ಯಾಹ್ನ ಒಂದೇ ಊಟ, ನೀರೂ ಆ ಊಟದ ಜೊತೆಗೇ.

"ಆಯಿ ಊಟಕ್ಕ ಕುಂತಾಗ 'ಕೊಲ್ಲು, ಕಡಿ' ಅನ್ನೂ ಮಾತ ಕಿವಿಗಿ ಬಿತ್ತಂದ್ರ ತಾಟ ಬಿಟ್ಟ ಏಳ್ತಾರ. ಮತ್ತ ಮರುದಿನ ಮಧ್ಯಾಹ್ನದ ತನಕ ಹನಿ ನೀರೂ ಇಲ್ಲ. ಬಾಯಿ ಬಿಗಿಹಿಡಿ," ಎಂದು ಅವ್ವ ನನಗೆ ಕಣ್ಣು ಬಿಟ್ಟು ಹೇಳಿದಳು.

ಹೇಳುವುದೇನೋ ಹೇಳಿದಳು. ಆದರೆ ದಿನಕ್ಕೆ ಇಪ್ಪತ್ತು ಸಲ "ಕೊಂದಬಿಡ್ತೇನಿ ನೋಡ" ಎಂದು ನನ್ನನ್ನು ಬೈಯುತ್ತಿದ್ದವಳು ಅವಳೇ! ಪಾಪ, ಆ ದಿನಗಳಲ್ಲಿ ಬೈಯಲು ಅವಳಿಗೆ ಮಾತೇ ಸಿಗುತ್ತಿರಲಿಲ್ಲ. "ನಿನಗ... ನಿನಗ... ತಡಿ ನಿನಗ!" ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಕಿಸಿಕಿಸಿ ನಗುತ್ತಿದ್ದೆ. ವ್ರತದವರ ಕಡೆ ಘಾಟು ಹೋಗಬಾರದೆಂದು ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಬುಟ್ಟಿ ಅಟ್ಟ ಸೇರಿತು. ಜಾಗಟೆಗೆ ಅಪ್ಪ ಬಟ್ಟೆ ಸುತ್ತಿಟ್ಟ. ಆಯಿ ಊಟಕ್ಕೆ ಕೂತೊಡನೆ ಅವರ ಸೊಸೆ ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು. ಊಟ ಮುಗಿದಾಗ ಮತ್ತೆ ಎರಡು ಸಲ. ಅಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಐದನೆಯ ದಿನ ಗಣಪತಿಯನ್ನು ಕಳಿಸುವುದು. ಬೆಳಗಿನಿಂದ ಮನೆ ತುಂಬ ಕರಿಗಡುಬಿನ ವಾಸನೆ, ಬೆಲ್ಲದ ಹೂರಣ, ಏಲಕ್ಕಿ, ಬಿಸಿ ಎಣ್ಣೆ. ಒಂದೇ ಒಂದು ಕೊಡು ಎಂದರೆ "ಮೊದಲ ನೈವೇದ್ಯ ಆಗ್ಲಿ" ಎಂದು ಅವ್ವ ಕೈಗೇ ಏಟು ಕೊಟ್ಟಳು. ಅಂದು ಆಯಿ ಬಸದಿಯಿಂದ ಬಂದದ್ದು ತಡ. ನಾವು ಆರತಿ ಹಚ್ಚಿ ನೈವೇದ್ಯದ ತಾಟು ಇಡುವುದಕ್ಕೂ ಗೋಡೆಯ ಮೇಲೆ ಠಕ್ ಠಕ್ ಕೇಳುವುದಕ್ಕೂ ಸರಿಹೋಯಿತು. ಅಪ್ಪ ಬಾಯಿಯ ಮೇಲೆ ಬೆರಳಿಟ್ಟ. ಎಲ್ಲರೂ ಸುಮ್ಮನೆ ಕೂತೆವು. ಬತ್ತಿ ಚಿಟಚಿಟ ಎನ್ನುವುದೂ ಕೇಳುತ್ತಿತ್ತು.

ಮನೆ ಅಷ್ಟು ಸುಮ್ಮನಾದರೆ ಇಲಿಗೇನು ಭಯ? ಗಣಪತಿಯ ಹಿಂದಿನಿಂದ ಬಂತು, ತಾಟಿನ ಅಂಚು ಹತ್ತಿತು, ನಾನು ಬೆಳಗಿನಿಂದ ಕಣ್ಣಿಟ್ಟಿದ್ದ ದೊಡ್ಡ ಕಡುಬನ್ನೇ ಕಚ್ಚಿ ಎಳೆಯಿತು.

"ಅಪ್ಪಾ, ಇಲಿ! ಕೊಲ್ಲು ಅದನ್ನ, ಕೊಲ್ಲು!" ಎಂದು ಕಿರುಚಿದೆ.

ಇಲಿ ಓಡಿತು. ಗೋಡೆಯಾಚೆ ತಾಟು ಸರಿಸಿದ ಸಪ್ಪಳವಾಯಿತು.

"ಅತ್ತೀ, ಇನ್ನೂ ಎರಡ ತುತ್ತೂ ಆಗಿಲ್ಲರಿ," ಸೊಸೆಯ ದನಿ ಅಳುವಂತಿತ್ತು.

"ಇರಲಿ ಬಿಡವ್ವಾ, ಇವತ್ತಿಗಿ ಇಷ್ಟ," ಎಂದರು ಆಯಿ. ಕೈ ತೊಳೆದ ನೀರು ಬಚ್ಚಲಿಗೆ ಹರಿದದ್ದೂ ಕೇಳಿಸಿತು.

ಯಾರಾದರೂ ನನಗೆ ನಾಲ್ಕು ಬಾರಿಸಬಾರದೇ ಅನಿಸಿತು. ಅವ್ವ ಹೊಡೆಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಕೂತಳು. ಅಪ್ಪ ಸದ್ದಿಲ್ಲದೆ ಆರತಿ ಮುಗಿಸಿದ. "ಮುದುಕಿ ಅಲ್ಲಿ ಹಸದ ಕುಂತಾರ. ನಮಗ ಗಂಟಲಾಗ ಹೆಂಗ ಇಳದೀತು?" ಎಂದ. ಕಡುಬಿನ ಬುಟ್ಟಿ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು.

ಆ ಗೋಡೆಯನ್ನು ಈ ಕಡೆಯ ಸಪ್ಪಳವೂ ದಾಟುತ್ತಿತ್ತಲ್ಲ! ಸ್ವಲ್ಪ ಹೊತ್ತಿಗೆ ಆಯಿ ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತರು.

"ಏನ್ರಿ ಮಾಸ್ತರ, ನಿಮ್ಮ ಮನ್ಯಾಗ ತಾಟಿನ ಸಪ್ಪಳನ ಇಲ್ಲಲ್ಲಾ?"

"ತಪ್ಪಾತರಿ ಆಯಿ. ಹುಡುಗ..."

"ಇಲಿ ಕಂಡ್ರ ಹುಡುಗ ಒದರದ ಏನ ಮಾಡ್ತಾನ? ಹಬ್ಬದ ದಿನ ಕೂಸ ಹಸಕೊಂಡ ಕುಂತ್ರ ನನ್ನ ವ್ರತ ಯಾತಕ್ಕ ಬಂತರಿ? ಹಾಕ ತಂಗಿ, ಊಟಕ್ಕ ಹಾಕ."

ಅವ್ವ ಬಡಿಸಿದಳು. ಆಯಿ ಹೊಸ್ತಿಲ ಹೊರಗೇ ಕೂತರು. ನನಗೆ ಕಣ್ಣೀರಿನಲ್ಲಿ ಕಡುಬೇ ಕಾಣುತ್ತಿರಲಿಲ್ಲ.

"ಇಲಿ ಏನಾತೋ?"

"ಓಡಿ ಹೋತರಿ."

"ಕಡುಬ?"

"ಅದನ್ನೂ ಒಯ್ತರಿ."

"ಚಲೋ ಆತ ಬಿಡು. ನಿಮ್ಮ ಗಣಪ್ಪನ ವಾಹನ ಅದು. ಅದರದೂ ಹಬ್ಬ ಆತು," ಎಂದು ನಕ್ಕರು. ನಗುವಾಗ ಅವರ ಒಣಗಿದ ತುಟಿ ಒಡೆದಿದ್ದು ಕಂಡೆ. ಆ ತುಟಿ ನನಗೆ ಇನ್ನೂ ನೆನಪಿದೆ.

ಮರುದಿನ ಠಕ್ ಠಕ್ ಕೇಳಿದ್ದೇ ತಡ, ಓಣಿಯ ಬಾಗಿಲಿಗೆ ಓಡಿದೆ. ಗೋಲಿ ಆಡುವ ಹುಡುಗರನ್ನು ಅಟ್ಟಿದೆ. ಕೂಗುತ್ತ ಬಂದ ಬಳೆಗಾರನಿಗೆ ಕೈ ಮುಗಿದು ಹಿಂದಕ್ಕೆ ಕಳಿಸಿದೆ. ಮತ್ತೆ ಎರಡು ಸಲ ಸದ್ದು ಕೇಳುವ ತನಕ ಅಲ್ಲಿಂದ ಕದಲಲಿಲ್ಲ. ವ್ರತ ಮುಗಿಯುವ ತನಕ ಅದೇ ನನ್ನ ಕೆಲಸವಾಯಿತು.

ವ್ರತ ಮುಗಿದ ಮೇಲೆ ಒಂದು ಬೆಳಿಗ್ಗೆ ಆಯಿ ನಮ್ಮಲ್ಲಿಗೆ ಬಂದರು. ಅಂದು ಅವರಲ್ಲಿ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನವಂತೆ. ಅಪ್ಪನಿಗೆ ಕೈ ಮುಗಿದರು, ಅವ್ವನಿಗೆ ಮುಗಿದರು. ಆಮೇಲೆ ಸೊಂಟ ಬಗ್ಗಿಸಿ ನನ್ನ ಮುಂದೆಯೂ ಕೈ ಜೋಡಿಸಿದರು. "ನನ್ನ ಕಡಿಂದ ನಿನ್ನ ಮನಸ್ಸಿಗಿ ನೋವಾಗಿದ್ರ ಕ್ಷಮಾ ಮಾಡಪಾ," ಎಂದರು. ಊಟ ಕೆಡಿಸಿದವನು ನಾನು, ಕೈ ಮುಗಿದವರು ಅವರು! "ಬ್ಯಾಡರಿ ಆಯಿ, ಬ್ಯಾಡರಿ," ಎಂದು ಅವರ ಸೀರೆಯಲ್ಲಿ ಮುಖ ಹುದುಗಿಸಿ ಗೊಳೋ ಎಂದು ಅತ್ತುಬಿಟ್ಟೆ.

ಮೊಮ್ಮಕ್ಕಳೇ, ನೀವೀಗ ಇರುವುದೂ ಬಾಡಿಗೆ ಮನೆಯೇ. ಆದರೆ ನಿಮ್ಮ ಗೋಡೆ ಸಿಮೆಂಟಿನದು, ಸೂರಿನ ತನಕ ಗಟ್ಟಿಯಾಗಿ ನಿಂತಿದೆ. ಆಚೆ ಯಾರು ಉಂಡರು, ಯಾರು ಹಸಿದರು, ಏನೂ ತಿಳಿಯುವುದಿಲ್ಲ. ನಿಮ್ಮ ಸ್ಪೀಕರಿನ ಹಾಡು ಮಾತ್ರ ಹೇಗೋ ದಾಟಿ ಹೋಗುತ್ತದೆ, ತುಂಟರಾ! ಆರತಿಗೆ ಮುಂಚೆ ಅಜ್ಜ ಯಾಕೆ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಾನೆ ಎಂದು ನಗುತ್ತೀರಲ್ಲ, ಇದಕ್ಕೇ. ಠಕ್ ಠಕ್ ಕೇಳೀತೇನೋ ಎಂದು ಕಾಯುತ್ತೇನೆ. ಕೇಳುವುದಿಲ್ಲ, ನನಗೂ ಗೊತ್ತು. ಈ ಸಲ ನೀವೇ ಹೋಗಿ ಬಾಜೂ ಮನೆಯ ಬಾಗಿಲನ್ನು ಎರಡು ಸಲ ಬಡಿಯಿರಿ. ಬರಿಗೈಯಲ್ಲಿ ಹೋಗಬೇಡಿ, ಎಲ್ಲಕ್ಕಿಂತ ದೊಡ್ಡ ಕಡುಬನ್ನೇ ಒಯ್ಯಿರಿ.