ಬಾತಾ, ಹೋತಾ

ನಾಪೋಕ್ಲಿನ ಪೂವಯ್ಯನಿಗೆ ಟಿವಿ ರಿಪೇರಿಯೇ ಹೊಟ್ಟೆಪಾಡು. ಡಿಶ್ ಬರುವ ಮೊದಲು ಅವನು ಆಂಟೆನಾ ತಿರುಗಿಸಲು ಹತ್ತದ ಮನೆಯ ಮಾಡು ಸುತ್ತಮುತ್ತ ಇರಲಿಲ್ಲ. ಮೇಲಿನಿಂದ "ಬಾತಾ?" ಎಂದು ಕೂಗಿದರೆ ಒಳಗಿನಿಂದ "ಬಾತ್" ಅಥವಾ "ಹೋತ್" ಎಂಬ ಉತ್ತರ. ಬಂತು, ಹೋಯಿತು ಎಂಬ ಅರೆಭಾಷೆಯ ಈ ಎರಡು ಮಾತುಗಳಲ್ಲೇ ಅವನ ಯೌವನ ಕಳೆಯಿತು. ಅದರಲ್ಲೂ ಹೊನ್ನಮ್ಮ "ಬಾತ್" ಎಂದರೆ ಅವನಿಗೆ ಇಳಿಯುವ ಮನಸ್ಸೇ ಆಗುತ್ತಿರಲಿಲ್ಲ.

ಹೊನ್ನಮ್ಮನ ಗಂಡ ಮೇಷ್ಟರು. ಕೀಬೋರ್ಡಿನೊಳಗೇ ಎಲ್ಲ ಅಡಗಿದ್ದ, ಟಿವಿಯನ್ನೇ ಪರದೆ ಮಾಡಿಕೊಳ್ಳುವ ಅವರ ಕಂಪ್ಯೂಟರನ್ನು ಮೂವತ್ತೈದು ವರ್ಷದ ಹಿಂದೆ ಟಿವಿಗೆ ಜೋಡಿಸಿಕೊಟ್ಟವನೂ ಪೂವಯ್ಯನೇ. ಮೇಷ್ಟರು ತೀರಿಕೊಂಡ ಮೇಲೆ ಅದು ಅಟ್ಟ ಸೇರಿತ್ತು. ಈಗ ಹೊಸ ಟಿವಿಯಲ್ಲಿ ಅದನ್ನೊಮ್ಮೆ ನೋಡಬೇಕೆಂದು ಹೊನ್ನಮ್ಮ ಕರೆಸಿದ್ದು ಪೂವಯ್ಯನನ್ನಲ್ಲ, ಮೊಬೈಲ್ ಅಂಗಡಿಯ ಅಶ್ವಥ್‌ನನ್ನು. ಸುದ್ದಿ ಕೇಳಿ ಪೂವಯ್ಯನ ಹೊಟ್ಟೆ ಉರಿದುಹೋಯಿತು. ಕರೆಯದಿದ್ದರೂ ಹೋಗಿ ಕುಳಿತ.

ಅಶ್ವಥ್ ಕಂಪ್ಯೂಟರಿನ ವೈರನ್ನು ಹಳೇ ಸಿಗ್ನಲ್ ಹಿಡಿಯುವ ಒಂದು ಪುಟ್ಟ ಡಬ್ಬಿಗೆ, ಡಬ್ಬಿಯನ್ನು ಟಿವಿಗೆ ಸಿಕ್ಕಿಸಿದ. ಡಬ್ಬಿಯಲ್ಲಿ ಒಂದೊಂದೇ ಚಾನೆಲ್ ಒತ್ತಿ ಹುಡುಕಬೇಕಿತ್ತು. ಅದು ಟಿವಿಯ ಹಿಂದೆ ಇದ್ದುದರಿಂದ ಅವನಿಗೆ ಪರದೆ ಕಾಣುತ್ತಿರಲಿಲ್ಲ.

"ಪೂವಣ್ಣ, ನೀವು ಮುಂದೆ ಕೂತು ನೋಡಿ. ಬಂದ್ರೆ ಹೇಳಿ, ಆಯ್ತಾ?"

ಅವನು ಮಾಡು ಹತ್ತಿದಾಗ ಒಳಗೆ ಹೆಂಗಸರು ಮಕ್ಕಳು ಮಾಡುತ್ತಿದ್ದ ಕೆಲಸ ಈಗ ಅವನ ಪಾಲಿಗೆ ಬಂದಿತ್ತು. ಪೂವಯ್ಯ ಹಲ್ಲು ಕಚ್ಚಿ ಕುಳಿತ. ಪರದೆಯ ತುಂಬ ಜೊರ್ರನೆ ಚುಕ್ಕಿಮಳೆ. ಇದು ಬರದಿರಲಿ ಎಂದು ಅವನು ಮನಸಾರೆ ಬೇಡಿಕೊಂಡ. ಅಷ್ಟರಲ್ಲಿ ಚುಕ್ಕಿಗಳು ಸರಿದು ಕಪ್ಪು ಪರದೆ ಮೂಡಿತು. ಮೂಲೆಯಲ್ಲಿ ಮೇಷ್ಟರ ಕಾಲದ ಅದೇ ಬಿಳಿ ಕರ್ಸರ್ ಗೀಟು ಮಿಣಮಿಣ ಅನ್ನುತ್ತಿತ್ತು.

"ಬಂತಾ?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪೂವಯ್ಯ ಅದನ್ನು ನುಂಗಿಕೊಂಡ. ಅಶ್ವಥ್ ಉಳಿದಿದ್ದ ಕೊನೆಯ ಚಾನೆಲನ್ನು ಒತ್ತಿದ. ಮತ್ತೆ ಚುಕ್ಕಿಮಳೆ.

"ಇದು ಹೋಗಿದೆ ಅನ್ಸುತ್ತೆ ಅಮ್ಮ. ಗುಜರಿಗೆ ಹಾಕಿಬಿಡಿ."

"ಒಂದ್ ಹಿಂದೆ ಒತ್ತ್," ಅಂದಳು ಹೊನ್ನಮ್ಮ. ಕಾಫಿ ಲೋಟ ಹಿಡಿದು ಅವಳು ಯಾವಾಗಲೋ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಶ್ವಥ್ ಒತ್ತಿದ.

"ಬಾತ್. ಬಾತ್. ಸಾಕ್, ಬುಡ್."

ಅದೇ ದನಿ, ಅದೇ ಮಾತು. ಆದರೆ ಟಿವಿಯ ಹಿಂದಿದ್ದವನಿಗೆ. ಸ್ವಲ್ಪ ಹೊತ್ತು ಆ ಗೀಟನ್ನೇ ನೋಡುತ್ತ ನಿಂತ ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇತ್ತ ತಿರುಗಿದಳು.

"ಆಗಳೇ ಬಂದಿತ್ತಲ್ಲ ಪೂವಣ್ಣ. ಎಂತಕೆ ಹೇಳಿಲ್ಲೆ?"

"ಕನ್ನಡಕ ತಂದಿಲ್ಲೆ," ಅಂದ ಪೂವಯ್ಯ.

ಕನ್ನಡಕ ಅವನ ಮೂಗಿನ ಮೇಲೇ ಇತ್ತು.