ಸೇತುವೆ ದಾಟಿದ ಬುತ್ತಿ

ಹರಿಹರದ ಇತಿಹಾಸ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಗುಡಿಯ ಶಾಸನಗಳಿಂದ ಶುರು ಮಾಡುತ್ತೇನೆ. ಹೊಯ್ಸಳರ ಕಾಲದ ದೇವಸ್ಥಾನ, ಆಮೇಲಿನ ದಾನದತ್ತಿಗಳು, ಇಂಗ್ಲಿಷರ ದಂಡು, ಹೊಳೆಗೆ ಸೇತುವೆ, ರೈಲು. ಕಲ್ಲಿನಲ್ಲಿ ಕೊರೆದದ್ದಕ್ಕೆ ಸಾಕ್ಷಿ ಕೇಳುವವರಿಲ್ಲ. ನಾನು ಕಣ್ಣಾರೆ ಕಂಡ ಹರಿಹರಕ್ಕೆ ಸಾಕ್ಷಿಗಳಿದ್ದಾರೆ, ಅದೇ ತೊಂದರೆ. ಅಮ್ಮ ಒಂದು ಹೇಳುತ್ತಾಳೆ, ಸೋದರತ್ತೆ ಇನ್ನೊಂದು. ನನ್ನ ನೆನಪು ಎರಡಕ್ಕೂ ಹೊಂದುವುದಿಲ್ಲ.

ಈಗ ಊರು ಕಾರ್ಖಾನೆಯ ಸೈರನ್ನಿಗೆ ಏಳುತ್ತದೆ. ಬೆಳಿಗ್ಗೆ ಸೈಕಲ್ಲುಗಳ ಸಾಲು ಒಂದು ಕಡೆಗೆ, ದಾವಣಗೆರೆಯ ಮಿಲ್ಲುಗಳಿಗೆ ಹೋಗುವವರ ಗುಂಪು ಬಸ್ ಸ್ಟ್ಯಾಂಡಿನ ಕಡೆಗೆ. ದಿನವೂ ಸೇತುವೆ ದಾಟಿ ಹಾಲು, ಸೊಪ್ಪು, ಹುಡುಗರು, ಎಮ್ಮೆಗಳು ಬರುತ್ತವೆ. ಯಾರೂ ಯಾರನ್ನೂ ತಡೆಯುವುದಿಲ್ಲ. ಸೇತುವೆಯ ಈಚೆ ತುದಿಯಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಈಗ ಒಬ್ಬ ಪಂಕ್ಚರ್ ಹಾಕುತ್ತಾನೆ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಅದು ಮಾಲು ತಪಾಸಣೆಯ ನಾಕಾ ಆಗಿತ್ತು. ತುಂಗಭದ್ರೆಯ ಈಚೆ ದಂಡೆ ಮೈಸೂರಿನದು, ಆಚೆ ದಂಡೆ ಮುಂಬಯಿಯದು. ಎರಡೂ ಕಡೆ ಒಂದೇ ಮಾತು, ಒಂದೇ ಜೋಳದ ರೊಟ್ಟಿ, ಹೆಣ್ಣು ಕೊಟ್ಟು ತರುವ ಸಂಬಂಧ. ಆದರೆ ಧಾನ್ಯಕ್ಕೆ ಅಭಾವವಿದ್ದ ಕಾಲ ಅದು. ಪರವಾನಗಿ ಇಲ್ಲದೆ ಒಂದು ಚೀಲ ಅಕ್ಕಿಯೂ ಸೇತುವೆ ದಾಟುವಂತಿರಲಿಲ್ಲ.

ನನ್ನ ಸೋದರತ್ತೆಯನ್ನು ಆಚೆ ದಂಡೆಗೆ, ರಾಣೆಬೆನ್ನೂರಿನ ದಾರಿಯಲ್ಲಿರುವ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳ ಮಗಳಿಗೆ ಮದುವೆ ಗೊತ್ತಾಯಿತು. ಮನೆತನ ನೋಡಲು ಹೋದಾಗ ಗಂಡಿನವರು ಅನ್ನದ ಊಟ ಹಾಕಿದ್ದರು. ಮದುವೆಯ ದಿನ ಇವಳು ಬರೀ ರೊಟ್ಟಿ ಬಡಿಸಿದರೆ ಮಗಳು ಸಾಯುವ ತನಕ ಆ ಮಾತು ಕೇಳಬೇಕಾಗುತ್ತಿತ್ತು. ಅವಳಿಗೆ ಸಿಗುತ್ತಿದ್ದ ರೇಷನ್ ಅಕ್ಕಿ ಪಾಯಸಕ್ಕೂ ಸಾಲುತ್ತಿರಲಿಲ್ಲ. ಅತ್ತೆ ನಮ್ಮ ಪಡಸಾಲೆಯಲ್ಲಿ ಬಂದು ಕೂತಳು.

"ಅತ್ತಿಗೆಮ್ಮ, ಬೀಗರ ಮುಂದೆ ನನ್ ಮಾನ ನಿನ್ ಕೈಯಾಗೈತೆ."

ಅಮ್ಮ ಅವಳ ಪಕ್ಕ ಬಂದು ಕೂತಳು. "ಅಕ್ಕಿ ಒಯ್ಯಬ್ಯಾಡ ಅಂದಾರೆ. ಬುತ್ತಿ ಒಯ್ಯಬ್ಯಾಡ ಅಂತ ಯಾರಾದ್ರೂ ಅಂದಾರಾ?"

ತವರಿನಿಂದ ಹೆಣ್ಣುಮಕ್ಕಳ ಮನೆಗೆ ಬುಟ್ಟಿಯಲ್ಲಿ ಅಡುಗೆ ಕಟ್ಟಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಅದೇ ಬುತ್ತಿ. ಮದುವೆಯ ಅನ್ನವನ್ನೆಲ್ಲ ನಮ್ಮ ಗದ್ದೆಯ ಅಕ್ಕಿಯಿಂದ ಈಚೆಯಲ್ಲೇ ಬೇಯಿಸಿ ಬುತ್ತಿಯ ಹೆಸರಿನಲ್ಲಿ ದಾಟಿಸುವುದು ಅಮ್ಮನ ಉಪಾಯ. ಸಾರು, ಪಲ್ಯ ಅತ್ತೆಯ ಮನೆಯಲ್ಲೇ ಆಗಬಹುದು. ನಾನು ಆಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಇದು ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದೆ.

"ಕಾನೂನು ಆಮೇಲೆ ಹೇಳೀಯಂತೆ. ಮೊದ್ಲು ಆ ಸೌದೆ ಇತ್ತ ತಾ," ಎಂದಳು ಅಮ್ಮ. ಹಾಗೆ ಅಂದದ್ದು ತನಗೆ ನೆನಪಿಲ್ಲ ಅನ್ನುತ್ತಾಳೆ. ನನಗೆ ಚೆನ್ನಾಗಿ ನೆನಪಿದೆ.

ಮದುವೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಲ್ಲಿ ಅನ್ನ ಬಸಿದಾಗಿತ್ತು. ಬುಟ್ಟಿಗಳಿಗೆ ಬಾಳೆ ಎಲೆ ಹಾಸಿ, ಅನ್ನ ತುಂಬಿ, ಬಿಳಿ ಬಟ್ಟೆ ಕಟ್ಟಿ ಗಾಡಿಗೇರಿಸಿದೆವು. ಓಣಿಯ ಹೆಂಗಸರು ನೋಡಲೆಂದು ನಾಕಾದವರೆಗೂ ಬಂದರು. ಕಾವಲಿನವನು ಒಂದು ಬಟ್ಟೆ ಎತ್ತಿದ. ಹಬೆ ಅವನ ಮುಖಕ್ಕೆ ಹೊಡೆಯಿತು.

"ಏನಮ್ಮ ಇದು?"

"ಬುತ್ತಿರೀ. ನಮ್ ನಾದಿನಿಗೆ."

"ಒಬ್ಬ ನಾದಿನಿಗೆ ಒಂದ್ ಗಾಡಿ ಬುತ್ತಿನಾ?"

"ನಮ್ ನಾದಿನಿ ಹೊಟ್ಟೆ ನೀವ್ ಕಂಡಿಲ್ಲ ಬಿಡ್ರಿ."

ಹಿಂದೆ ನಿಂತವರೆಲ್ಲ ನಕ್ಕರು. ಅವನಿಗೂ ನಗು ಬಂತು, ತಡೆದುಕೊಂಡ. "ನಗಸಬ್ಯಾಡ್ರಿ, ಸಾಹೇಬ್ರು ಬಂದ್ರೆ ನನ್ ಕೆಲ್ಸ ಹೋಗ್ತೈತೆ. ಗಾಡ್ಯಾಗ ಹೋದ್ರೆ ಅದು ಮಾಲು. ತಲೆ ಮ್ಯಾಲೆ ಹೋದ್ರೆ ಬುತ್ತಿ. ಒಬ್ಬೊಬ್ರು ಒಂದೊಂದು ಬುಟ್ಟಿ ಹೊತ್ಗೊಂಡು ಹೋಗ್ರಿ, ಬಿಡ್ತೀನಿ. ಹೋದೋರು ಇನ್ನೊಂದಕ್ಕೆ ವಾಪಸ್ ಬರಂಗಿಲ್ಲ."

ನ್ಯಾಯವಾದ ಮಾತೇ. ಆದರೆ ಬುಟ್ಟಿಗಳು ಬಹಳ, ನಮ್ಮ ಜಾತಿಯ ಹೆಂಗಸರು ಕೆಲವರೇ. ಅಕ್ಕಿಯನ್ನು ಯಾರು ಹೊತ್ತರೂ ನಡೆಯುತ್ತಿತ್ತು. ಬೇಯಿಸಿದ ಅನ್ನ ಹಾಗಲ್ಲ. ಬೇರೆಯವರು ಮುಟ್ಟಿದರೆ ಬೀಗರು ಎಲೆಯಿಂದ ಎದ್ದು ಹೋಗುವ ಕಾಲ ಅದು. ಈ ಉಪಾಯ ಹೂಡುವಾಗ ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಓಣಿಯಲ್ಲಿ ಹತ್ತಿ ಹಿಂಜುವ ಸಾಬರ ಮನೆಯೊಂದಿತ್ತು. ಆ ಮನೆಯ ಹೆಂಗಸು ಮುಂದೆ ಬಂದಳು. "ಅಕ್ಕಾ, ನಾ ಒಂದು ಹೊರ್ಲಾ?" ಎಂದವಳು ತಾನೇ ಹಿಂದೆ ಸರಿದಳು. "ಬ್ಯಾಡ ಬಿಡು. ನಿಮ್ ಬೀಗರು ಹೆಂಗೋ ಏನೋ."

ಹೋಗುವ ಮಾನ ಅಮ್ಮನದಲ್ಲ, ನಾದಿನಿಯದು. "ಸೈಕಲ್ ಹತ್ತು. ಆಕೀನ್ನೇ ಕೇಳ್ಕೊಂಡು ಬಾ," ಎಂದು ನನ್ನನ್ನು ಕಳಿಸಿದಳು.

ಬುತ್ತಿಯನ್ನು ಎದುರುಗೊಳ್ಳಲು ಅತ್ತೆ ಆಚೆ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ನಾನು ವಿಷಯ ಹೇಳಿದೆ.

"ಯಾರ್ಯಾರು ಅದಾರೆ ಅಲ್ಲಿ?"

ಕುಂಬಾರರ ಅಜ್ಜಿ, ಅಗಸರ ಅತ್ತೆ ಸೊಸೆ, ಹತ್ತಿ ಹಿಂಜುವವರ ಮನೆಯಾಕೆ ಎಂದು ಒಬ್ಬೊಬ್ಬರನ್ನೇ ಹೇಳಿದೆ. ಅತ್ತೆ ಹೊಳೆಯನ್ನು ನೋಡುತ್ತ ಕೇಳಿಸಿಕೊಂಡಳು.

"ಅನ್ನ ಆರ್ತೈತೆ. ಎಲ್ಲಾರೂ ಬರ್ರಿ ಅಂತ ಹೇಳು."

"ಬೀಗರಿಗೆ ಗೊತ್ತಾದ್ರೆ?"

"ಗೊತ್ತಾಗೋದೇನು, ನಾನೇ ಹೇಳ್ತೀನಿ."

ಬಿಳಿ ಬಟ್ಟೆಯ ಬುಟ್ಟಿಗಳು ಸಾಲಾಗಿ ಸೇತುವೆ ದಾಟಿದವು. ಓಣಿಗೆ ಓಣಿಯೇ ಬಂದಿತ್ತು ಅನ್ನುತ್ತಾಳೆ ಅತ್ತೆ. ಅಷ್ಟು ಜನ ಎಲ್ಲಿದ್ದರು ಅನ್ನುತ್ತಾಳೆ ಅಮ್ಮ. ನಾನು ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಿದ್ದೆ, ಎಣಿಸಲಿಲ್ಲ.

ಚಪ್ಪರದಲ್ಲಿ ಬೀಗರ ಪಂಕ್ತಿ ಕೂತಿತು. ಅತ್ತೆ ಅನ್ನದ ಬುಟ್ಟಿ ಕೆಳಗಿಟ್ಟು ವರನ ದೊಡ್ಡಪ್ಪನ ಮುಂದೆ ನಿಂತಳು.

"ಬೀಗರೆ, ಇದು ನನ್ನ ತವರಿನ ಅನ್ನ. ಬೇಯಿಸಿದೋರು ನಮ್ಮೋರು. ಹೊತ್ತೋರು ನಮ್ಮ ಓಣಿಯೋರು. ಕುಂಬಾರರು ಅದಾರೆ, ಅಗಸರು ಅದಾರೆ, ಸಾಬರೂ ಅದಾರೆ. ಮುಚ್ಚಿಟ್ಟು ಬಡಸಂಗಿಲ್ಲ ನಾನು. ಬ್ಯಾಡಂದ್ರೆ ರೊಟ್ಟಿ ಮಾಡಿಸೀನಿ, ಅದನ್ನೇ ಹಾಕ್ತೀನಿ."

ಪಂಕ್ತಿಯ ಕೊನೆಯಲ್ಲಿದ್ದ ಇಬ್ಬರು ಕೈ ತೊಳೆಯುವ ನೆಪದಲ್ಲಿ ಎದ್ದು ಹೋದರು, ತಿರುಗಿ ಬರಲಿಲ್ಲ. ಮದುವಣಗಿತ್ತಿ ಬಾಗಿಲ ಮರೆಯಿಂದ ನೋಡುತ್ತಿದ್ದಳು. ದೊಡ್ಡಪ್ಪ ತನ್ನ ಎಲೆಗೆ ನೀರು ಚಿಮುಕಿಸಿ, ಕೈಯಿಂದ ಒರೆಸಿ, ನೆಟ್ಟಗೆ ಮಾಡಿಕೊಂಡ.

"ರೊಟ್ಟಿ ಮನ್ಯಾಗ ದಿನಾ ತಿಂತೀವಿ. ಅನ್ನ ಹಾಕವ್ವ."

ಒಂದು ತುತ್ತು ಉಂಡು ಅವನು ತೆಗೆದ ತಪ್ಪು ಒಂದೇ: ಅನ್ನ ತಣ್ಣಗಾಗಿದೆ, ಸಾರಾದರೂ ಬಿಸಿ ಇರಲಿ. ಉಳಿದವರೂ ಉಂಡರು, ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಅನ್ನ ಹೊತ್ತು ತಂದ ಹೆಂಗಸರು ಅಂದು ಬೀಗರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರೆಂದು ಅತ್ತೆ ಈಗಲೂ ಹೇಳುತ್ತಾಳೆ. ಕೇಳಿದವರು ಮೆಚ್ಚುತ್ತಾರೆ. ನಾನು ಕಂಡದ್ದು ಹಾಗಲ್ಲ. ಅವರು ಚಪ್ಪರದ ಆಚೆ, ಹುಣಸೆಮರದ ನೆರಳಿನಲ್ಲಿ, ಎಲ್ಲರದೂ ಆದ ಮೇಲೆ ಕೂತರು. ಅಷ್ಟರಲ್ಲಿ ಅನ್ನದ ಬುಟ್ಟಿಗಳು ಬರಿದಾಗಿ ರೊಟ್ಟಿ ಮಾತ್ರ ಉಳಿದಿತ್ತು.

"ನೋಡವ್ವ," ಎಂದಳು ಹತ್ತಿ ಹಿಂಜುವವರ ಮನೆಯಾಕೆ, "ಹೊತ್ತ ನಮಗೆ ರೊಟ್ಟಿ, ಕೂತ ಬೀಗರಿಗೆ ಅನ್ನ."

ಹೆಂಗಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ರೊಟ್ಟಿಯ ಬುಟ್ಟಿ ತಂದು ಅವರ ನಡುವೆ ಇಟ್ಟು, ಅಲ್ಲೇ ನೆಲದ ಮೇಲೆ ಕೂತು, ಬೆಳಗಿನಿಂದ ಏನೂ ತಿನ್ನದಿದ್ದವಳು ತಾನೂ ಒಂದು ಮುರಿದಳು. ಅವಳು ಹೇಳುವ ಒಂದೇ ಪಂಕ್ತಿ ಬಹುಶಃ ಇದೇ ಇರಬೇಕು.